ಬಿಳಿ ಬೆಕ್ಕಿನ ಮೈಗೆ ಅಂಟಿದ ಕೊಳೆ



ಇಂದಿನ ಮಾತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಬೆಕ್ಕಿನ ಮೈ ತೊಳೆಯುವುದನ್ನು ಕುರಿತು ಭಾಷಣವೇ? ಬೆಕ್ಕು ತಾನೇ ದಿನವಿಡೀ ನೆಕ್ಕಿ ನೆಕ್ಕಿ ಮೈಯನ್ನು ಚೊಕ್ಕಟವಾಗಿಟ್ಟುಕೊಳ್ಳುವ ಪ್ರಾಣಿಯಲ್ಲವೇ? ನಿಜ. ಆರೋಗ್ಯವಾಗಿರುವ, ಗಿಡ್ಡ ಕೂದಲಿನ ಬೆಕ್ಕಿಗೆ ಸಾಮಾನ್ಯವಾಗಿ ಸ್ನಾನವೇ ಬೇಕಾಗುವುದಿಲ್ಲ. ಆದರೆ ಅದರ ನಾಲಿಗೆಗೂ ಮಣಿಯದ ಕೊಳೆಗಳಿವೆ. ನಿಲ್ಲಿಸಿದ ಸ್ಕೂಟರಿನ ಕೆಳಗೆ ಮಲಗಿ ಎದ್ದಾಗ ಬೆನ್ನಿಗೆ ಅಂಟಿದ ಗ್ರೀಸು, ಹಲಸಿನ ಹಣ್ಣು ಬಿಡಿಸುವ ಜಾಗದಲ್ಲಿ ಸುಳಿದಾಡಿ ತಂದುಕೊಂಡ ಅಂಟು, ಹೋಳಿಯ ದಿನ ಯಾರೋ ಎರಚಿದ ಬಣ್ಣ, ಹೊಸದಾಗಿ ಬಳಿದ ಬಾಗಿಲಿಗೆ ಮೈಯುಜ್ಜಿ ಹಚ್ಚಿಕೊಂಡ ಪೇಂಟು ಇಂಥವು. ಕಪ್ಪು ಬೆಕ್ಕಾದರೆ ಇದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬಿಳಿ ಬೆಕ್ಕು, ಕೆನೆ ಬಣ್ಣದ ಬೆಕ್ಕು, ತಿಳಿ ಹಳದಿ ಬೆಕ್ಕುಗಳಲ್ಲಿ ಮಾತ್ರ ಎದ್ದು ಕಾಣುತ್ತದೆ. ಕಂಡ ಕೂಡಲೇ ನಮ್ಮ ಕೈ ಬಚ್ಚಲುಮನೆಯ ಗೂಡಿನತ್ತ ಹೋಗುತ್ತದೆ. ಬಟ್ಟೆ ಸೋಪು, ಸೀಮೆಎಣ್ಣೆ, ಫಿನಾಯಿಲು, ಬ್ಲೀಚಿಂಗ್ ಪುಡಿ, ಯಾವುದು ಸಿಕ್ಕರೆ ಅದು. ಅಪಾಯ ಶುರುವಾಗುವುದು ಅಲ್ಲಿಂದ.

ಈ ಮಾತಿನಲ್ಲಿ ನೀವು ಒಂದೇ ಒಂದು ವಾಕ್ಯವನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಿರಲಿ: ಬೆಕ್ಕಿನ ಮೈಗೆ ಹಚ್ಚಿದ್ದೆಲ್ಲ ಕೊನೆಗೆ ಬೆಕ್ಕಿನ ಹೊಟ್ಟೆಗೆ ಹೋಗುತ್ತದೆ. ಹೇಗೆ ಎಂಬುದನ್ನು ಈಗ ನೋಡೋಣ.

ನಾಲಿಗೆಯೇ ಬಾಚಣಿಗೆ

ಬೆಕ್ಕು ನಿಮ್ಮ ಕೈ ನೆಕ್ಕಿದಾಗ ಮರಳು ಕಾಗದ ಉಜ್ಜಿದಂತೆ ಅನ್ನಿಸುತ್ತದೆ. ಅದರ ನಾಲಿಗೆಯ ಮೇಲೆ ಗಂಟಲಿನತ್ತ ಬಾಗಿರುವ ನೂರಾರು ಸಣ್ಣ ಮುಳ್ಳುಗಳಿವೆ. ನಮ್ಮ ಉಗುರು ಯಾವ ಕೆರಟಿನ್ ಎಂಬ ಪ್ರೋಟೀನಿನಿಂದ ಆಗಿದೆಯೋ ಅದೇ ಕೆರಟಿನ್ ಈ ಮುಳ್ಳುಗಳಲ್ಲೂ ಇದೆ. ಇವು ಗಟ್ಟಿಯಾದ ಶಂಕುಗಳು ಎಂದು ಬಹುಕಾಲ ಭಾವಿಸಲಾಗಿತ್ತು. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇರೆಯೇ ಸಂಗತಿ ಹೊರಬಿತ್ತು. ಮುಳ್ಳಿನ ತುದಿಯಲ್ಲಿ ಸೌಟಿನಂಥ ಒಂದು ಟೊಳ್ಳು ಇದೆ. ಆ ಟೊಳ್ಳು ಬಾಯಿಯ ಜೊಲ್ಲನ್ನು ತಾನಾಗಿಯೇ ಹೀರಿಕೊಂಡು, ಕೂದಲಿನ ಪದರಗಳನ್ನು ದಾಟಿ, ಚರ್ಮದ ಬುಡದವರೆಗೂ ತಲುಪಿಸುತ್ತದೆ. ಸಣ್ಣ ಕೊಳವೆಯಲ್ಲಿ ನೀರು ತಾನಾಗಿ ಮೇಲೇರುವುದನ್ನು ನೀವು ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ನೋಡಿದ್ದೀರಿ. ಇಲ್ಲೂ ನಡೆಯುವುದು ಹೆಚ್ಚುಕಡಿಮೆ ಅದೇ.

ಈ ನಾಲಿಗೆ ಬೆಕ್ಕಿಗೆ ಬಾಚಣಿಗೆಯೂ ಹೌದು, ನೀರಿನ ಚೆಂಬೂ ಹೌದು. ಆದರೆ ಒಂದು ತೊಡಕಿದೆ. ಮುಳ್ಳುಗಳೆಲ್ಲ ಗಂಟಲಿನ ಕಡೆಗೇ ಬಾಗಿರುವುದರಿಂದ ನಾಲಿಗೆಗೆ ಸಿಕ್ಕಿದ್ದನ್ನು ಹೊರಗೆ ಉಗಿಯುವುದು ಬೆಕ್ಕಿಗೆ ಕಷ್ಟ. ನಾವು ಹಲ್ಲುಜ್ಜಿ ನೊರೆಯನ್ನು ಉಗಿದುಬಿಡುತ್ತೇವೆ. ಬೆಕ್ಕು ಮೈ ತೊಳೆದ ಕೊಳೆಯನ್ನು ನುಂಗುತ್ತದೆ. ಕೂದಲಿನ ಉಂಡೆಯನ್ನು ಅದು ಆಗಾಗ ಕಕ್ಕುವುದು ಈ ಕಾರಣಕ್ಕೇ.

ಯಕೃತ್ತಿನ ಕೊರತೆ

ನುಂಗಿದರೆ ಏನಾಯಿತು, ನಾವೂ ಎಷ್ಟೋ ಬಾರಿ ಅಷ್ಟಿಷ್ಟು ಸೋಪು ನುಂಗಿಲ್ಲವೇ ಎಂದು ನೀವು ಕೇಳಬಹುದು. ಇಲ್ಲಿ ಬೆಕ್ಕಿಗೂ ನಮಗೂ ದೊಡ್ಡ ವ್ಯತ್ಯಾಸವಿದೆ.

ಬೇಡದ ರಾಸಾಯನಿಕವೊಂದು ದೇಹದೊಳಗೆ ಹೋದಾಗ ನಮ್ಮ ಯಕೃತ್ತು ಅದಕ್ಕೆ ಗ್ಲುಕ್ಯುರಾನಿಕ್ ಆಮ್ಲವೆಂಬ ಒಂದು ತುಣುಕನ್ನು ಜೋಡಿಸುತ್ತದೆ. ಆಗ ಅದು ನೀರಿನಲ್ಲಿ ಕರಗುವಂತಾಗಿ ಮೂತ್ರದ ಮೂಲಕ ಹೊರಹೋಗುತ್ತದೆ. ಈ ಜೋಡಣೆಯ ಕೆಲಸ ಮಾಡಲು ಕಿಣ್ವಗಳ ಒಂದು ಗುಂಪೇ ಇದೆ. ಫಿನಾಲ್ ಜಾತಿಯ ವಸ್ತುಗಳನ್ನೂ ಪ್ಯಾರಸಿಟಮಾಲ್‌ನಂಥ ಔಷಧಿಗಳನ್ನೂ ನಿಭಾಯಿಸುವ ಒಂದು ಮುಖ್ಯ ಕಿಣ್ವದ ವಂಶವಾಹಿ ಬೆಕ್ಕಿನಲ್ಲಿ ಕೆಟ್ಟುಹೋಗಿದೆ ಎಂಬುದನ್ನು ಟಫ್ಟ್ಸ್ ವಿಶ್ವವಿದ್ಯಾಲಯದ ಮೈಕೇಲ್ ಕೋರ್ಟ್ ಮತ್ತು ಡೇವಿಡ್ ಗ್ರೀನ್‌ಬ್ಲಾಟ್ 2000ದಲ್ಲಿ ತೋರಿಸಿದರು. ವಂಶವಾಹಿ ಇದೆ, ಆದರೆ ಕೆಲಸ ಮಾಡುವುದಿಲ್ಲ. ಬರವಣಿಗೆ ಅಳಿಸಿಹೋದ ಹಳೆಯ ದಾಖಲೆಯ ಹಾಗೆ. ಬೆಕ್ಕಿನ ವಂಶವೆಲ್ಲ ಲಕ್ಷಾಂತರ ವರ್ಷ ಮಾಂಸವನ್ನೇ ತಿಂದು ಬದುಕಿದ್ದು. ಸಸ್ಯಗಳಲ್ಲಿರುವ ನಾನಾ ವಿಷಗಳನ್ನು ಅರಗಿಸುವ ಅಗತ್ಯ ಅದಕ್ಕೆ ಬೀಳದೆ ಈ ಶಕ್ತಿ ಕಳೆದುಹೋಗಿರಬೇಕು ಎಂಬುದು ವಿಜ್ಞಾನಿಗಳ ವಿವರಣೆ.

ಆದ್ದರಿಂದಲೇ ನಮಗೆ ಸಾಮಾನ್ಯವೆನಿಸುವ ವಸ್ತುಗಳು ಬೆಕ್ಕಿಗೆ ವಿಷವಾಗುತ್ತವೆ. ಫಿನಾಯಿಲು ಹಾಗೂ ನೀರಿಗೆ ಹಾಕಿದೊಡನೆ ಹಾಲಿನಂತೆ ಬೆಳ್ಳಗಾಗುವ ಕ್ರಿಮಿನಾಶಕ ದ್ರವಗಳಲ್ಲಿ ಸಾಮಾನ್ಯವಾಗಿ ಫಿನಾಲ್ ಜಾತಿಯ ವಸ್ತು ಅಥವಾ ಪೈನ್ ಎಣ್ಣೆ ಇರುತ್ತದೆ. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆಗಳೂ ಬೆಕ್ಕಿಗೆ ಆಗಿಬರುವುದಿಲ್ಲ. ನೆಲ ಒರೆಸುವ ಕೆಲವು ದ್ರಾವಣಗಳಲ್ಲಿ ಬೆಂಜಾಲ್ಕೋನಿಯಂ ಕ್ಲೋರೈಡ್ ಇರುತ್ತದೆ. ಅದನ್ನು ನೆಕ್ಕಿದ ಬೆಕ್ಕಿನ ನಾಲಿಗೆಯೂ ಬಾಯೂ ಹುಣ್ಣಾಗುತ್ತವೆ. ನಾಯಿಗಳ ಉಣ್ಣೆ ಮತ್ತು ಚಿಗಟ ನಿವಾರಿಸುವ ಪರ್ಮೆಥ್ರಿನ್ ಬೆರೆತ ಶಾಂಪೂ ನಾಯಿಗೆ ಒಳ್ಳೆಯದು. ಬೆಕ್ಕಿಗೆ ಹಾಕಿದರೆ ನಡುಕ, ಸೆಳವು, ಕೆಲವೊಮ್ಮೆ ಸಾವು.

ನಮ್ಮ ಬೀದಿಯಲ್ಲಿ ಪಿ.ಯು.ಸಿ. ಓದುತ್ತಿದ್ದ ಹುಡುಗಿಯೊಬ್ಬಳು ಒಂದು ಬಿಳಿ ಬೆಕ್ಕನ್ನು ಸಾಕಿದ್ದಳು. ಚರಂಡಿಗೆ ಬಿದ್ದು ಬಂದ ಅದನ್ನು ಮನೆಯ ಹಿರಿಯರು ಒಳ್ಳೆಯ ಉದ್ದೇಶದಿಂದಲೇ ಬಕೆಟ್ಟು ನೀರಿಗೆ ಎರಡು ಮುಚ್ಚಳ ಫಿನಾಯಿಲು ಬೆರೆಸಿ ತೊಳೆದರು. ಬೆಕ್ಕು ಬೆಳ್ಳಗಾಯಿತು. ಬಿಸಿಲಲ್ಲಿ ಕುಳಿತು ಎಂದಿನಂತೆ ಮೈ ನೆಕ್ಕಿಕೊಂಡಿತು. ಸಂಜೆಯ ಹೊತ್ತಿಗೆ ಜೊಲ್ಲು ಸುರಿಸತೊಡಗಿತು, ರಾತ್ರಿ ಕಾಲು ತಡವರಿಸಿತು. ಮರುದಿನ ಪಶುವೈದ್ಯರ ಬಳಿಗೆ ಒಯ್ದಾಗ ತಡವಾಗಿತ್ತು. ಆ ಮನೆಯಲ್ಲಿ ಬೆಕ್ಕಿನ ಮೇಲೆ ಪ್ರೀತಿಗೆ ಕಡಿಮೆಯಿರಲಿಲ್ಲ. ಕಡಿಮೆಯಿದ್ದದ್ದು ಈಗ ನಾನು ನಿಮಗೆ ಹೇಳಿದ ಎರಡು ನಿಮಿಷದ ತಿಳಿವಳಿಕೆ ಮಾತ್ರ. ಅಂಥದು ನಿಮ್ಮ ಮನೆಯಲ್ಲಿ ನಡೆಯಬಾರದೆಂದೇ ಈ ವಿಷಯವನ್ನು ಆರಿಸಿಕೊಂಡಿದ್ದೇನೆ.

ಬಿಳುಪು ಎಂದರೇನು?

ಟೆಲಿವಿಷನ್ ಕೆಲಸದಲ್ಲಿರುವ ನಮಗೆ ಬಿಳಿ ಬಣ್ಣದೊಡನೆ ದಿನವೂ ಗುದ್ದಾಟ. ಕ್ಯಾಮೆರಾಕ್ಕೆ ಮೊದಲು ಬಿಳಿ ಯಾವುದೆಂದು ತೋರಿಸಿದ ಮೇಲೆಯೇ ಉಳಿದ ಬಣ್ಣಗಳು ಸರಿಬರುವುದು. ಹಾಗಾದರೆ ಬೆಕ್ಕಿನ ಕೂದಲು ಬೆಳ್ಳಗೆ ಕಾಣುವುದೇಕೆ? ಅದರಲ್ಲಿ ಬಿಳಿಯ ಬಣ್ಣದ್ರವ್ಯವೇನೂ ಇಲ್ಲ. ಯಾವ ಬಣ್ಣದ್ರವ್ಯವೂ ಇಲ್ಲದಿರುವುದರಿಂದ, ಕೂದಲಿನ ಹೊರಗಿನ ಹುರುಪೆಗಳಿಂದಲೂ ಒಳಗಿನ ಗಾಳಿಯ ಗೂಡುಗಳಿಂದಲೂ ಬೆಳಕು ಎಲ್ಲ ದಿಕ್ಕಿಗೆ ಚದುರುತ್ತದೆ. ಆ ಚದುರಿದ ಬೆಳಕೇ ಬಿಳುಪು. ಹತ್ತಿ, ಉಪ್ಪು, ನೊರೆ ಇವೆಲ್ಲ ಬೆಳ್ಳಗಿರುವುದೂ ಹೀಗೆಯೇ.

ಒಂದು ಸಣ್ಣ ಪ್ರಯೋಗ ಮಾಡಿ. ಬಿಳಿ ಕಾಗದದ ಮೇಲೆ ಒಂದು ಹನಿ ಕೊಬ್ಬರಿ ಎಣ್ಣೆ ಬಿಡಿ. ಆ ಜಾಗ ಮಂಕಾಗಿ, ಅರೆಪಾರದರ್ಶಕವಾಗುತ್ತದೆ. ಕಾಗದದ ನಾರುಗಳ ನಡುವೆ ಇದ್ದ ಗಾಳಿಯ ಜಾಗವನ್ನು ಎಣ್ಣೆ ತುಂಬಿದ್ದರಿಂದ ಬೆಳಕು ಚದುರುವುದು ಕಡಿಮೆಯಾಯಿತು. ಜಿಡ್ಡು ಹಿಡಿದ ಬಿಳಿ ಬೆಕ್ಕಿನ ಮೈಯಲ್ಲೂ ಇದೇ ಆಗುವುದು. ಜಿಡ್ಡು ಕೂದಲುಗಳನ್ನು ಒಂದಕ್ಕೊಂದು ಅಂಟಿಸುತ್ತದೆ, ಧೂಳು ಅದಕ್ಕೆ ಹತ್ತುತ್ತದೆ. ಹೀಗಾಗಿ ನಾವು ತೆಗೆಯಬೇಕಾದದ್ದು ಜಿಡ್ಡನ್ನು. ಕೂದಲಿಗೆ ಬಿಳುಪನ್ನು ಹೊಸದಾಗಿ ಕೊಡಬೇಕಾಗಿಲ್ಲ, ಅದು ಅಲ್ಲಿಯೇ ಇದೆ. ಬ್ಲೀಚಿಂಗ್ ಪುಡಿ, ಹೈಡ್ರೊಜನ್ ಪೆರಾಕ್ಸೈಡ್, ಬಟ್ಟೆಗೆ ಹಾಕುವ ನೀಲಿ ಇವು ಯಾವುವೂ ಬೆಕ್ಕಿನ ಬಳಿ ಸುಳಿಯಬೇಕಾಗಿಲ್ಲ.

ಮೊದಲು ಗುರುತಿಸಿ

ಯಾವ ಕಲೆಯನ್ನಾದರೂ ಮುಟ್ಟುವ ಮೊದಲು ಅದು ನಿಜಕ್ಕೂ ಕೊಳೆಯೇ ಎಂದು ನೋಡಬೇಕು. ಸಯಾಮಿ ಜಾತಿಯ ಬೆಕ್ಕಿನ ಮೂತಿ, ಕಿವಿ, ಪಾದ, ಬಾಲ ಕಂದು ಬಣ್ಣವಾಗಿರುತ್ತವೆ, ಉಳಿದ ಮೈ ತಿಳಿಯಾಗಿರುತ್ತದೆ. ಬಣ್ಣ ತಯಾರಿಸುವ ಅದರ ಕಿಣ್ವ ಮೈಯ ಬೆಚ್ಚಗಿನ ಭಾಗದಲ್ಲಿ ಕೆಲಸ ಮಾಡದೆ, ತಂಪಾದ ತುದಿಗಳಲ್ಲಿ ಮಾತ್ರ ಕೆಲಸ ಮಾಡುತ್ತದೆ. ತಾಯಿಯ ಗರ್ಭದ ಬೆಚ್ಚನೆಯಲ್ಲಿ ಬೆಳೆದ ಮರಿಗಳು ಹುಟ್ಟುವಾಗ ಹೆಚ್ಚುಕಡಿಮೆ ಬೆಳ್ಳಗೇ ಇರುತ್ತವೆ. ಅದನ್ನು ಎಷ್ಟು ತಿಕ್ಕಿದರೂ ಹೋಗದು, ಹೋಗಲೂ ಬಾರದು.

ಕೂದಲ ಬುಡದಲ್ಲಿ ಕರಿಮೆಣಸಿನ ಪುಡಿ ಉದುರಿಸಿದಂತೆ ಕಂಡರೆ, ಅದನ್ನು ಬಾಚಿ ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಹಾಕಿ. ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಧೂಳಲ್ಲ, ಚಿಗಟಗಳ ಹಿಕ್ಕೆ. ಬೆಕ್ಕಿನ ರಕ್ತವನ್ನೇ ಕುಡಿದು ಅವು ಬಿಟ್ಟದ್ದು. ಕಿವಿಯೊಳಗೆ ಕಾಫಿ ಪುಡಿಯಂಥ ಗಷ್ಟು ಇದ್ದರೆ ಕಿವಿಯ ನುಸಿ ಇರಬಹುದು. ಬಾಲದ ಬುಡದ ಮೇಲ್ಭಾಗದಲ್ಲಿ ಹಳದಿ ಜಿಡ್ಡು ಮತ್ತೆ ಮತ್ತೆ ಬಂದರೆ ಅಲ್ಲಿರುವ ಗ್ರಂಥಿಯ ಸ್ರಾವ ಹೆಚ್ಚಾಗಿದೆ ಎಂದರ್ಥ. ಬಿಳಿ ಬೆಕ್ಕಿನ ಕಿವಿಯ ಅಂಚಿನಲ್ಲಿ ಅಥವಾ ಮೂಗಿನ ಮೇಲೆ ಕಪ್ಪಾದ ಹೆಕ್ಕಳೆ ಕಂಡು, ವಾರಗಟ್ಟಲೆ ಮಾಯದಿದ್ದರೆ, ಅದನ್ನು ಕೊಳೆಯೆಂದು ಕೆರೆಯಬೇಡಿ. ಬಣ್ಣದ್ರವ್ಯದ ರಕ್ಷಣೆಯಿಲ್ಲದ ಆ ಚರ್ಮಕ್ಕೆ ಬಿಸಿಲಿನಿಂದ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚು. ಬೇಗ ತೋರಿಸಿದರೆ ಗುಣಪಡಿಸಬಹುದು.

ಇನ್ನೊಂದು ಮಾತು. ಮೊದಲೆಲ್ಲ ಚೊಕ್ಕಟವಾಗಿದ್ದ ಬೆಕ್ಕು ಒಮ್ಮೆಲೇ ಮೈ ನೆಕ್ಕುವುದನ್ನು ಬಿಟ್ಟು ಕೊಳಕಾಗತೊಡಗಿದರೆ ಅದಕ್ಕೆ ಬೇಕಾದದ್ದು ಸ್ನಾನವಲ್ಲ, ವೈದ್ಯರು. ಹಲ್ಲುನೋವು, ಕೀಲುನೋವು, ಬೊಜ್ಜು, ಜ್ವರ ಯಾವುದಾದರೂ ಕಾರಣವಿರಬಹುದು.

ಮುಳ್ಳನ್ನು ಮುಳ್ಳಿನಿಂದ

ಈಗ ನಿಜವಾದ ಕೊಳೆಗೆ ಬರೋಣ. ಗ್ರೀಸು, ಎಂಜಿನ್ ಎಣ್ಣೆ, ಹಲಸಿನ ಅಂಟು, ಡಾಂಬರು ಇವು ನೀರಿಗೆ ಜಗ್ಗುವುದಿಲ್ಲ. ಹಲಸಿನ ಹಣ್ಣು ಬಿಡಿಸುವ ಮೊದಲು ನಮ್ಮ ಅಜ್ಜಿಯರು ಕೈಗೂ ಚಾಕುವಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುತ್ತಿದ್ದರು. ರಸಾಯನಶಾಸ್ತ್ರದಲ್ಲಿ ನೀವು ಓದುವ ನಿಯಮ ಇದರಲ್ಲೇ ಅಡಗಿದೆ: ಒಂದೇ ಬಗೆಯ ವಸ್ತುಗಳು ಒಂದರಲ್ಲೊಂದು ಕರಗುತ್ತವೆ. ಜಿಡ್ಡು ಜಿಡ್ಡಿನಲ್ಲಿ ಕರಗುತ್ತದೆ, ನೀರಿನಲ್ಲಿ ಕರಗದು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು.

ಸೀಮೆಎಣ್ಣೆ, ಪೆಟ್ರೋಲು, ಟರ್ಪೆಂಟೈನು, ಥಿನ್ನರುಗಳೂ ಜಿಡ್ಡನ್ನು ಕರಗಿಸುತ್ತವೆ, ನಿಜ. ಆದರೆ ಅವು ಬೆಕ್ಕಿನ ತೆಳು ಚರ್ಮವನ್ನು ಸುಡುತ್ತವೆ. ನೆಕ್ಕುವಾಗ ಹನಿಯೊಂದು ಶ್ವಾಸಕೋಶಕ್ಕೆ ಇಳಿದರೂ ಅಲ್ಲಿ ತೀವ್ರ ಉರಿಯೂತ ಆಗುತ್ತದೆ. ಅವನ್ನು ಎಂದಿಗೂ ಬಳಸಕೂಡದು. ಅಡುಗೆಮನೆಯ ಸೂರ್ಯಕಾಂತಿ ಅಥವಾ ಕೊಬ್ಬರಿ ಎಣ್ಣೆ ಸಾಕು. ಕೆಲಸ ನಿಧಾನ, ಆದರೆ ಅಪಾಯವಿಲ್ಲ.

ಕ್ರಮ ಹೀಗಿರಲಿ. ಗಟ್ಟಿಯಾಗಿ ಕುಳಿತ ಗ್ರೀಸನ್ನು ಮೊದಲು ಹಳೆಯ ಬಟ್ಟೆಯಿಂದ ಕೂದಲಿನ ದಿಕ್ಕಿನಲ್ಲಿಯೇ ಒರೆಸಿ ತೆಗೆಯಿರಿ. ಅಂಟಿದ ಜಾಗಕ್ಕೆ ಮಾತ್ರ ಒಂದೆರಡು ಚಮಚ ಎಣ್ಣೆ ಸವರಿ, ಬೆರಳುಗಳಿಂದ ನಯವಾಗಿ ತೀಡಿ, ಐದು ನಿಮಿಷ ಬಿಡಿ. ಬೆಕ್ಕು ನೆಕ್ಕದಂತೆ ಆ ಹೊತ್ತು ಮಡಿಲಲ್ಲಿ ಹಿಡಿದುಕೊಂಡಿರಿ. ಕರಗಿದ ಅಂಟನ್ನು ಬಟ್ಟೆಯಿಂದ ಒರೆಸಿ. ಅಗತ್ಯವಾದರೆ ಮತ್ತೊಮ್ಮೆ ಮಾಡಿ. ಆಮೇಲೆ ಕಡಲೆಹಿಟ್ಟು ಅಥವಾ ಮೆಕ್ಕೆಜೋಳದ ಹಿಟ್ಟನ್ನು ಉದುರಿಸಿ ತಿಕ್ಕಿದರೆ ಅದು ಉಳಿದ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಹಿಟ್ಟನ್ನು ಬಾಚಣಿಗೆಯಿಂದ ಬಾಚಿಬಿಡಿ. ಬೆಕ್ಕಿನ ಮೂಗಿನ ಹತ್ತಿರ ಪುಡಿ ಹಾರದಂತೆ ನೋಡಿಕೊಳ್ಳಿ. ದೀಪಾವಳಿಯ ಅಭ್ಯಂಜನದಲ್ಲಿ ಎಣ್ಣೆ ಹಚ್ಚಿ ಕಡಲೆಹಿಟ್ಟಿನಿಂದ ತಿಕ್ಕಿಸಿಕೊಂಡ ನೆನಪು ನಿಮಗಿದ್ದರೆ ಈ ವಿಧಾನ ಹೊಸದೇನೂ ಅಲ್ಲ. ಸೀಗೆಪುಡಿ ಮತ್ತು ಅಂಟುವಾಳವನ್ನು ಮಾತ್ರ ಬೆಕ್ಕಿಗೆ ಹಾಕಬೇಡಿ. ಕಣ್ಣಿಗೆ ಬಿದ್ದರೆ ಅದರ ಉರಿ ಎಂಥದೆಂದು ನಿಮಗೇ ಗೊತ್ತು.

ಎಂಜಿನ್ ಎಣ್ಣೆ ಮೈಯ ಹೆಚ್ಚಿನ ಭಾಗಕ್ಕೆ ಹರಡಿದ್ದರೆ ಅಥವಾ ಬೆಕ್ಕು ಆಗಲೇ ಅದನ್ನು ನೆಕ್ಕಿದ್ದರೆ ಮನೆಯ ಉಪಾಯಗಳನ್ನು ಬಿಟ್ಟು ನೇರವಾಗಿ ವೈದ್ಯರ ಬಳಿಗೆ ಹೋಗಿ. ವಾಹನದ ರೇಡಿಯೇಟರಿನ ಕೂಲೆಂಟ್ ತಗುಲಿದ್ದರಂತೂ ಗಂಟೆಗಳನ್ನು ಲೆಕ್ಕ ಹಾಕಬೇಕು. ಅದರಲ್ಲಿ ಇರಬಹುದಾದ ಎಥಿಲೀನ್ ಗ್ಲೈಕಾಲ್ ಮೂತ್ರಪಿಂಡಗಳನ್ನೇ ಕೆಡಿಸುತ್ತದೆ.

ಸೋಪೇಕೆ ಬೇಡ?

ಬಟ್ಟೆ ಸೋಪು, ಮೈ ಸೋಪು ಎರಡೂ ಕ್ಷಾರಗುಣದವು. ನಮ್ಮ ಚರ್ಮ ಸ್ವಲ್ಪ ಆಮ್ಲಗುಣದ್ದು, ಬೆಕ್ಕಿನ ಚರ್ಮ ಅದಕ್ಕಿಂತ ತಟಸ್ಥಕ್ಕೆ ಹತ್ತಿರ. ಹೀಗಾಗಿ ನಮಗಾಗಿ ತಯಾರಿಸಿದ ಶಾಂಪೂ ಕೂಡ ಅದಕ್ಕೆ ಸರಿಹೊಂದುವುದಿಲ್ಲ. ಸೋಪಿಗೆ ಇನ್ನೊಂದು ದೋಷವಿದೆ. ನಮ್ಮ ರಾಜ್ಯದ ಅನೇಕ ಊರುಗಳಲ್ಲಿ ಕೊಳವೆ ಬಾವಿಯ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಸೇರಿ ಕರಗದ ಗಷ್ಟಾಗುತ್ತವೆ. ಬಕೆಟ್ಟಿನ ಅಂಚಿಗೆ ಹತ್ತುವ ಬೂದುಬಣ್ಣದ ಪದರ ಅದೇ. ಬೆಕ್ಕಿನ ಕೂದಲಿಗೂ ಅದೇ ಹತ್ತುತ್ತದೆ. ಸೋಪು ಹಾಕಿ ತೊಳೆದ ಬಿಳಿ ಬೆಕ್ಕು ಒಣಗಿದ ಮೇಲೆ ಮೊದಲಿಗಿಂತ ಮಂಕಾಗಿ ಕಾಣುವ ಗುಟ್ಟು ಇದು.

ಹಾಗಾದರೆ ಏನು ಬಳಸಬೇಕು? ಬೆಕ್ಕಿಗೆಂದೇ ತಯಾರಿಸಿದ, ಕೀಟನಾಶಕ ಬೆರೆಸದ ಶಾಂಪೂ. ಗ್ರೀಸಿನಂಥ ಜಿಡ್ಡಿಗೆ, ಅದೂ ಅಪರೂಪಕ್ಕೊಮ್ಮೆ, ಪಾತ್ರೆ ತೊಳೆಯುವ ಮೃದುವಾದ ದ್ರವದ ನಾಲ್ಕೈದು ಹನಿಯನ್ನು ಒಂದು ಬಟ್ಟಲು ನೀರಿಗೆ ಬೆರೆಸಿ ಆ ಜಾಗಕ್ಕೆ ಮಾತ್ರ ಹಾಕಬಹುದು. ನಿಂಬೆಯ, ಪೈನಿನ ಪರಿಮಳ ಬೆರೆಸಿದ್ದು ಬೇಡ. ಇದರ ಶಕ್ತಿ ಜಗತ್ತಿಗೆ ಗೊತ್ತಾದದ್ದು ದೊಡ್ಡ ದುರಂತಗಳಲ್ಲಿ. 1989ರ ಮಾರ್ಚ್ 24ರಂದು ಅಲಾಸ್ಕದ ಕರಾವಳಿಯಲ್ಲಿ ಎಕ್ಸಾನ್ ವಾಲ್ಡೀಸ್ ಎಂಬ ಹಡಗು ಬಂಡೆಗೆ ತಾಗಿ ಸುಮಾರು 4 ಕೋಟಿ ಲೀಟರ್ ಕಚ್ಚಾತೈಲ ಸಮುದ್ರಕ್ಕೆ ಚೆಲ್ಲಿತು. ತೈಲದಲ್ಲಿ ಮುಳುಗಿದ ಕಡಲಹಕ್ಕಿಗಳನ್ನೂ ನೀರುನಾಯಿಗಳನ್ನೂ ಸ್ವಯಂಸೇವಕರು ಪಾತ್ರೆ ತೊಳೆಯುವ ದ್ರವದಿಂದಲೇ ತೊಳೆದರು. ಅದರ ಅಣುವಿನ ಒಂದು ತುದಿ ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಎರಡರ ನಡುವೆ ನಿಂತು ಜಿಡ್ಡನ್ನು ನೀರಿನ ಜೊತೆ ಕಳಿಸಿಬಿಡುತ್ತದೆ. ಅಂಥ ಕೆಲಸದಲ್ಲಿ ಪಳಗಿದವರು ತೊಳೆಯುವುದಕ್ಕಿಂತ ಹೆಚ್ಚಾಗಿ ಜಾಲಿಸುವುದಕ್ಕೆ ಗಮನ ಕೊಡುತ್ತಾರೆ. ದ್ರವದ ಲವಲೇಶವೂ ಮೈಯಲ್ಲಿ ಉಳಿಯಬಾರದು.

ಬಣ್ಣ, ಅರಿಸಿನ, ಸುಣ್ಣ, ಪರಾಗ

ಕೆಸರಿಗೆ ಔಷಧಿ ತಾಳ್ಮೆ. ಒಣಗಲು ಬಿಟ್ಟು ಬಾಚಿದರೆ ಮುಕ್ಕಾಲು ಪಾಲು ಉದುರುತ್ತದೆ, ಉಳಿದದ್ದಕ್ಕೆ ಒದ್ದೆ ಬಟ್ಟೆ ಸಾಕು. ಆದರೆ ಚರಂಡಿಯ ಕೆಸರನ್ನು ಒಣಗುವವರೆಗೆ ಕಾಯದೆ ಬೆಚ್ಚಗಿನ ನೀರಿನಲ್ಲಿ ತೊಳೆಯಿರಿ.

ಅಡುಗೆಮನೆಯ ಅರಿಸಿನ ಚಿಟಿಕೆಯಷ್ಟು ಮೈಗೆ ತಗುಲಿದರೆ ಗಾಬರಿ ಬೇಡ. ಅದಕ್ಕೆ ಸೋಪು ಹಾಕಿದರೆ ಮಾತ್ರ ಹಳದಿ ಹೋಗಿ ಕೆಂಪಾಗುತ್ತದೆ. ಅರಿಸಿನದ ಕುರ್ಕುಮಿನ್ ಕ್ಷಾರದಲ್ಲಿ ಬಣ್ಣ ಬದಲಿಸುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಅದೇ ಕುರ್ಕುಮಿನ್‌ಗೆ ಬೆಳಕಿನ ಮುಂದೆ ಬಾಳಿಕೆಯಿಲ್ಲ. ಅರಿಸಿನ ಹಚ್ಚಿದ ಬಟ್ಟೆಯ ಅರ್ಧಭಾಗವನ್ನು ರಟ್ಟಿನಿಂದ ಮುಚ್ಚಿ ಬಿಸಿಲಿಗಿಟ್ಟು ನೋಡಿ. ಬೆಕ್ಕಿನ ಮೈಯ ಅರಿಸಿನವೂ ಹೀಗೆಯೇ ದಿನಗಳೆದಂತೆ ತಾನಾಗಿ ಮಾಸುತ್ತದೆ.

ಹೋಳಿಯ ಬಣ್ಣವನ್ನು ಒಣಗಿದ್ದಾಗಲೇ ಬಾಚಿ ಉದುರಿಸಿ, ಆಮೇಲೆ ಬೆಕ್ಕಿನ ಶಾಂಪೂವಿನಿಂದ ತೊಳೆಯಿರಿ. ಪೂರ್ತಿ ತೆಗೆಯುವವರೆಗೆ ಅದು ನೆಕ್ಕದಂತೆ ಕೊರಳಿಗೆ ಶಂಕುವಿನಾಕಾರದ ಪಟ್ಟಿ ಹಾಕಬೇಕು. ಔಷಧಿ ಅಂಗಡಿಗಳಲ್ಲಿ, ಪಶುವೈದ್ಯರಲ್ಲಿ ಅದು ಸಿಗುತ್ತದೆ. ಸ್ವಲ್ಪ ಗುಲಾಬಿ ಛಾಯೆ ಉಳಿದರೆ ಉಳಿಯಲಿ. ಕೂದಲು ಉದುರಿ ಹೊಸದು ಬರುತ್ತದೆ.

ನೀರಿನಲ್ಲಿ ಕಲಸುವ ಡಿಸ್ಟೆಂಪರ್ ಹಸಿಯಿದ್ದರೆ ಕೂಡಲೇ ನೀರಿನಿಂದ ತೊಳೆಯಿರಿ. ಎಣ್ಣೆಯ ಪೇಂಟು ಒಣಗಿ ಗಟ್ಟಿಯಾಗಿದ್ದರೆ ಆ ತುದಿಕೂದಲನ್ನು ಕತ್ತರಿಸಿಬಿಡುವುದೇ ಲೇಸು. ಕೂದಲಿಗೂ ಚರ್ಮಕ್ಕೂ ನಡುವೆ ಬಾಚಣಿಗೆ ತೂರಿಸಿ, ಅದರ ಮೇಲ್ಗಡೆ ಮಾತ್ರ ಕತ್ತರಿ ಆಡಿಸಿ. ಬುಡದವರೆಗೂ ಗಂಟು ಕಟ್ಟಿದ್ದರೆ ಕತ್ತರಿ ಮುಟ್ಟಬೇಡಿ. ಗಂಟಿನ ಜೊತೆ ಚರ್ಮವೂ ಮೇಲೆದ್ದಿರುತ್ತದೆ, ಕ್ಷಣದಲ್ಲಿ ಕತ್ತರಿಸಿಹೋಗುತ್ತದೆ. ಹಸಿ ಸಿಮೆಂಟು ಮತ್ತು ಸುಣ್ಣ ತೀವ್ರ ಕ್ಷಾರಗಳು. ಹಾಗೆಯೇ ಬಿಟ್ಟರೆ ಚರ್ಮ ಸುಡುತ್ತದೆ. ಇಲ್ಲಿ ತಡಮಾಡದೆ ಧಾರಾಳ ನೀರು ಸುರಿಯಬೇಕು. ಆಮ್ಲ ಹಾಕಿದರೆ ಕ್ಷಾರ ಶಮನವಾಗುತ್ತದೆಂದು ನಿಂಬೆರಸ ಹಿಂಡುವ ಪ್ರಯೋಗ ಬೇಡ.

ಕೊನೆಯದಾಗಿ ಒಂದು ಹಳದಿ ಪುಡಿಯ ವಿಷಯ. ಸಮಾರಂಭಗಳಲ್ಲಿ ಕೊಡುವ ಹೂಗುಚ್ಛಗಳಲ್ಲಿ ದೊಡ್ಡ ಕಹಳೆಯಾಕಾರದ ಲಿಲ್ಲಿ ಹೂಗಳಿರುತ್ತವೆ. ಅವುಗಳ ಕಂದುಹಳದಿ ಪರಾಗ ಬಿಳಿ ಬೆಕ್ಕಿನ ಮೂತಿಗೆ, ಎದೆಗೆ ಅಂಟಿದರೆ ಅರಿಸಿನದಂತೆಯೇ ಕಾಣುತ್ತದೆ. ನೆಕ್ಕಿದ ಆ ಪರಾಗ ಕೆಲವೇ ದಿನಗಳಲ್ಲಿ ಬೆಕ್ಕಿನ ಮೂತ್ರಪಿಂಡಗಳನ್ನು ನಿಲ್ಲಿಸಿಬಿಡಬಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ, ಲಕ್ಷಣ ಕಾಣುವವರೆಗೆ ಕಾಯದೆ, ಅದೇ ಗಳಿಗೆಯಲ್ಲಿ ವೈದ್ಯರಲ್ಲಿಗೆ ಓಡಬೇಕು. ಬೆಕ್ಕಿರುವ ಮನೆಗೆ ಲಿಲ್ಲಿ ಹೂ ತರದಿರುವುದೇ ಒಳ್ಳೆಯದು.

ಸ್ನಾನದ ಕ್ರಮ

ಇಡೀ ಮೈ ತೊಳೆಯಲೇಬೇಕಾದಾಗ ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂಬ ಪ್ರಶ್ನೆ ಏಳುತ್ತದೆ. ಇಬ್ಬರಿದ್ದರೆ ಸಲೀಸು. ಮೊದಲು ಒಣಮೈಯನ್ನೇ ಚೆನ್ನಾಗಿ ಬಾಚಿ. ಒದ್ದೆಯಾದ ಗಂಟು ಇನ್ನಷ್ಟು ಬಿಗಿಯುತ್ತದೆ. ಬಾಗಿಲು ಹಾಕಿ, ಟಬ್ಬಿನ ತಳಕ್ಕೆ ಹಳೆಯ ಟವೆಲು ಹಾಸಿ. ಕಾಲು ಜಾರದಿದ್ದರೆ ಬೆಕ್ಕಿನ ಅರ್ಧ ಭಯ ಕಡಿಮೆ. ಬೆಕ್ಕಿನ ಮೈಯ ಶಾಖ 38ರಿಂದ 39 ಡಿಗ್ರಿ ಸೆಲ್ಸಿಯಸ್; ನೀರು ಅದರ ಹತ್ತಿರ, ಮುಂಗೈಗೆ ಉಗುರುಬೆಚ್ಚಗೆ ತೋರುವಷ್ಟಿರಲಿ. ನಲ್ಲಿಯ ಸದ್ದಿಲ್ಲದೆ ಲೋಟದಿಂದ ಕುತ್ತಿಗೆಯ ಹಿಂದಿನಿಂದ ನಿಧಾನವಾಗಿ ಹೊಯ್ಯಿರಿ. ತಲೆಗೆ ನೀರು ಬೇಡ, ಮುಖವನ್ನು ಬಟ್ಟೆಯಿಂದ ಒರೆಸಿದರೆ ಸಾಕು. ಶಾಂಪೂವನ್ನು ನೀರಿನಲ್ಲಿ ಕದಡಿ ಹಾಕಿ, ಕೂದಲಿನ ದಿಕ್ಕಿನಲ್ಲಿ ತೀಡಿ. ನೀರು ತಿಳಿಯಾಗಿ ಹರಿಯುವವರೆಗೆ ಜಾಲಿಸಿ, ಆಮೇಲೂ ಇನ್ನೊಮ್ಮೆ ಜಾಲಿಸಿ. ಒಣ ಟವೆಲಿನಲ್ಲಿ ಸುತ್ತಿ ಒತ್ತಿ ಒರೆಸಿ, ಗಾಳಿಯಾಡದ ಬೆಚ್ಚನೆಯ ಕೋಣೆಯಲ್ಲಿ ಬಿಡಿ. ಎಲ್ಲ ಸೇರಿ ಹತ್ತು ನಿಮಿಷದಲ್ಲಿ ಮುಗಿಯಬೇಕು. ಬೆಕ್ಕು ಬಾಯಿ ತೆರೆದು ಏದುಸಿರು ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಎಳೆಯ ಮರಿ, ಗಬ್ಬದ ಬೆಕ್ಕು, ಕಾಯಿಲೆಯ ಬೆಕ್ಕುಗಳಿಗೆ ವೈದ್ಯರನ್ನು ಕೇಳದೆ ಸ್ನಾನ ಬೇಡ.

ಬಿಳಿ ಬೆಕ್ಕಿಗೆ ನೀಲಿ ಕಣ್ಣಿದ್ದರೆ ಅದಕ್ಕೆ ಕಿವಿ ಕೇಳಿಸದಿರುವ ಸಂಭವ ಹೆಚ್ಚು. ಚಾರ್ಲ್ಸ್ ಡಾರ್ವಿನ್ ತನ್ನ 1859ರ ಗ್ರಂಥದಲ್ಲಿಯೇ ಬೆಕ್ಕಿನ ನೀಲಿ ಕಣ್ಣಿಗೂ ಕಿವುಡಿಗೂ ಇರುವ ನಂಟನ್ನು ಪ್ರಸ್ತಾಪಿಸಿದ್ದಾನೆ. ಅಂಥ ಬೆಕ್ಕನ್ನು ಹಿಂದಿನಿಂದ ಹೋಗಿ ಹಿಡಿದರೆ ಬೆಚ್ಚಿಬಿದ್ದು ಪರಚುತ್ತದೆ. ಎದುರಿನಿಂದ, ಕಣ್ಣಿಗೆ ಕಾಣುವಂತೆ ಬನ್ನಿ.

ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ವೈದ್ಯರಿಗೆ ತೋರಿಸಿ. ರೇಬೀಸ್ ನಾಯಿಯಿಂದ ಮಾತ್ರ ಬರುವ ರೋಗವಲ್ಲ. ಮನೆಯವರು ಬೈಯುತ್ತಾರೆಂದು ಮುಚ್ಚಿಡಬೇಡಿ.

ತೊಳೆದ ಮೇಲೆ ಒಂದು ದಿನ ಬೆಕ್ಕಿನ ಮೇಲೆ ಕಣ್ಣಿಡಿ. ಜೊಲ್ಲು, ವಾಂತಿ, ನಡುಕ, ತಡವರಿಸುವ ನಡಿಗೆ, ಬಾಯಲ್ಲಿ ಹುಣ್ಣು ಇವುಗಳಲ್ಲಿ ಒಂದು ಕಂಡರೂ ಪಶುವೈದ್ಯರಲ್ಲಿಗೆ ಹೊರಡಿ. ಮೈಗೆ ತಗುಲಿದ ವಸ್ತುವಿನ ಬಾಟಲಿಯನ್ನೋ ಡಬ್ಬಿಯನ್ನೋ ಜೊತೆಗೆ ಒಯ್ಯಿರಿ. ಅದರ ಮೇಲಿನ ಚೀಟಿ ವೈದ್ಯರಿಗೆ ಅರ್ಧ ಗಂಟೆಯನ್ನು ಉಳಿಸುತ್ತದೆ. ಮನೆಯಲ್ಲಿ ವಾಂತಿ ಮಾಡಿಸಲು ಹೋಗಬೇಡಿ; ಎಣ್ಣೆಯಂಥ ವಸ್ತು ಶ್ವಾಸಕೋಶಕ್ಕೆ ಇಳಿಯಬಹುದು. ನೋವಿಗೆಂದು ಪ್ಯಾರಸಿಟಮಾಲ್ ಮಾತ್ರೆಯ ಚೂರನ್ನಂತೂ ಕೊಡಲೇಬೇಡಿ.

ಮಿತ್ರರೇ, ನಿಮ್ಮ ಮನೆಯ ಬಚ್ಚಲಿನಲ್ಲಿ, ಅಡುಗೆಮನೆಯಲ್ಲಿ ಇರುವ ಬಾಟಲಿಗಳ ಮೇಲಿನ ಅಕ್ಷರಗಳನ್ನು ಈ ಭಾನುವಾರ ಒಮ್ಮೆ ಕೂತು ಓದಿ. ಫಿನಾಲ್, ಪೈನ್ ಎಣ್ಣೆ, ಬೆಂಜಾಲ್ಕೋನಿಯಂ, ಪರ್ಮೆಥ್ರಿನ್ ಎಂಬ ಹೆಸರುಗಳು ಯಾವುದರ ಮೇಲಿವೆ ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿ. ರಸಾಯನಶಾಸ್ತ್ರದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ. ಮಾತು ಬಾರದ ಒಂದು ಜೀವಕ್ಕೆ ಇದಕ್ಕಿಂತ ಒಳ್ಳೆಯ ಉಪಕಾರವೂ ಇಲ್ಲ.